ಹೊತ್ತಿಗೆ ಮುಂಚಿನ ತೋಪು

ಶಾಬಾನ್ ೨೬, ಅಕ್‌ಬಯಿರ್ ಕೋಟೆ

ಬೆಳಿಗ್ಗೆ ತಂತಿ ಬಂತು. ಇಸ್ತಾಂಬುಲ್‌ನ ಯುದ್ಧ ಕಚೇರಿಯ ಅಪ್ಪಣೆ: ಊರನ್ನು ಅದರ ಪಾಡಿಗೆ ಬಿಟ್ಟು, ಸೈನ್ಯವನ್ನೂ ಫಿರಂಗಿಗಳನ್ನೂ ಹೊರಗೆ ತಂದು ಶುಮ್ನುವಿನಲ್ಲಿರುವ ದೊಡ್ಡ ದಂಡನ್ನು ಸೇರಬೇಕು. ಸೇರಿದರೆ ಝಿವೇರ್ ಪಾಶಾನಾದ ನನಗೆ ಮುಶೀರ್ ಪದವಿ ಕಾದಿದೆ. ಅದರ ಮೇಲೆ ಸೈನ್ಯದಲ್ಲಿ ಇನ್ನೊಂದು ಮೆಟ್ಟಿಲಿಲ್ಲ. ಮದ್ದಿನ ಚೀಲ ಹೊರುತ್ತಾ ದಂಡು ಸೇರಿದ ಇದ್ದಿಲು ಸುಡುವವನ ಮಗನಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಅವರ ಎಣಿಕೆ.

ಕೆಳಗೆ ಸಹಿ ನೆಷೆತ್ ಪಾಶಾನದು. ಯುದ್ಧ ಶಾಲೆಯಲ್ಲಿ ಓದಿದವನು, ಭೂಪಟದ ಮೇಲೆ ಬೆರಳಾಡಿಸಿ ಮೇಲೆ ಬಂದವನು. ತುಂಬಿದ ಸಭೆಯಲ್ಲಿ ನನ್ನನ್ನು ದಂಡಿನ ಹೇಸರಗತ್ತೆ ಎಂದಿದ್ದ. ಹೇಸರಗತ್ತೆ ಒಮ್ಮೆ ಕಾಲೂರಿ ನಿಂತರೆ ಏನಾಗುತ್ತದೆಂದು ಅವನಿಗೆ ತೋರಿಸಬೇಕು. ನಾನು ಉತ್ತರ ಹೇಳಿದೆ, ನನ್ನ ಸಿಬ್ಬಂದಿಯ ಮೇಜರ್ ರಾಗಿಪ್ ಬೇ ಬರೆದುಕೊಂಡ: ಕೋಟೆಗೆ ಕಾಲಿಲ್ಲ. ಇಲ್ಲಿರುವವರೆಗೆ ನನಗೂ ಇಲ್ಲ.

“ಪಾಶಾ, ಇದನ್ನ ಹೀಗೇ ಕಳಿಸ್ಲಾ? ಸ್ವಲ್ಪ ಮೆತ್ತಗೆ ಮಾಡಬಹುದಿತ್ತು,” ಎಂದ ರಾಗಿಪ್. ಅವನೂ ಶಾಲೆಯವನೇ.

“ಕೊನೇಲಿ ಸಲಾಮು ಅಂತ ಸೇರ್ಸು. ಮೆತ್ತಗಾಯ್ತು.”

ಮಧ್ಯಾಹ್ನದ ಹೊತ್ತಿಗೆ ರಷ್ಯದ ದೊರೆ ಜಾರನ ಕೊಸಾಕ್ ಸವಾರರು ತಂತಿ ಕತ್ತರಿಸಿದರು. ನನ್ನ ಉತ್ತರ ಹೋದ ಮೇಲೆ ಕತ್ತರಿಸಿದ್ದು ಅವರ ದೊಡ್ಡ ಮನಸ್ಸು. ಇನ್ನು ಮೂರು ಕಡೆಯಿಂದ ಮಾಸ್ಕೋಫರ ಮುತ್ತಿಗೆ, ರಷ್ಯದವರಿಗೆ ನಾವು ಹೇಳುವ ಹೆಸರು ಅದು. ಊರಿನ ಮೇಲಿನ ಮರುಕದಿಂದ ನಾನು ಉಳಿದೆನೆಂದು ಯಾರೂ ತಿಳಿಯಬಾರದು. ಈ ಊರು ನನಗೆ ಬರೀ ಹೊರೆ, ತಿನ್ನುವ ಬಾಯಿಗಳು. ಮುಶೀರ್ ಪದವಿಯನ್ನು ನಾನು ಈ ಗುಡ್ಡದ ಮೇಲೆ ನಿಂತೇ ತೆಗೆದುಕೊಳ್ಳುತ್ತೇನೆ. ನೆಷೆತ್‌ನೇ ತಂದು ಕೊಡಲಿ.

ರಂಜಾನ್ ೧

ಉಪವಾಸ ಶುರು, ಊರಿನವರ ಜೊತೆ ಜಗಳವೂ ಶುರು.

ಇಲ್ಲಿ ಸಂಜೆ ರೋಜಾ ಬಿಡುವುದು ತೋಪಿನ ಸದ್ದಿಗೆ. ಎಂದೋ ನಿಂತುಹೋದ ಗಡಿಯಾರದ ಗೋಪುರದ ಪಕ್ಕ ಹಳೆಯ ಕಂಚಿನ ತೋಪೊಂದಿದೆ. ಸೂರ್ಯ ಮುಳುಗುತ್ತಲೇ ಅದನ್ನು ಹಾರಿಸುತ್ತಾರೆ. ಸದ್ದು ಗೂರಲು ಹಿಡಿದವರು ಕೆಮ್ಮಿದ ಹಾಗೆ, ಅದಕ್ಕೇ ಊರವರು ಅದನ್ನು ಕೆಮ್ಮಜ್ಜ ಎನ್ನುತ್ತಾರೆ. ಬತ್ತಿ ಮುಟ್ಟಿಸುವ ಹಕ್ಕು ಒಂದೇ ಮನೆತನದ್ದು, ಆ ಮನೆಯಲ್ಲಿ ಈಗ ಉಳಿದಿರುವವಳು ದುದು ಎಂಬ ಮುದುಕಿ. ಮದ್ದಿನ ಕೋಣೆ ನೋಡಿ ಬಂದವನೇ ನಾನು ಈ ಸಲ ಸಂಜೆಯ ತೋಪು ಬೇಡವೆಂದು ಅಪ್ಪಣೆ ಮಾಡಿದೆ.

ನಾನು ಮಧ್ಯಾಹ್ನ ಊಟಕ್ಕೆ ಕೂತಾಗ ಮುಫ್ತಿಯನ್ನು ಮುಂದಿಟ್ಟುಕೊಂಡು ಮುದುಕಿ ಬಂದಳು. ಯುದ್ಧದಲ್ಲಿರುವವನಿಗೆ ರೋಜಾ ಕಡ್ಡಾಯವಿಲ್ಲ. ನಾನಂತೂ ಮೂವತ್ತು ವರ್ಷದಿಂದ ಒಂದಲ್ಲ ಒಂದು ಯುದ್ಧದಲ್ಲೇ ಇದ್ದೇನೆ.

“ಪಾಶಾ ಊಟ ಮಾಡ್ತಿದ್ದಾರೆ, ಆಮೇಲೆ ಬರೋಣ,” ಎಂದು ಮುಫ್ತಿ ಸುಬ್ಹಿ ಎಫೆಂದಿ ಗೋಡೆಯ ಕಡೆ ತಿರುಗಿದರು.

“ಕೂತ್ಕೊಳ್ಳಿ ಹೋಜಾ. ಕೋಳಿ ನಿಮ್ಮನ್ನ ಕಚ್ಚಲ್ಲ.”

ಮುದುಕಿಗೆ ಅಂಥ ಸಂಕೋಚವಿರಲಿಲ್ಲ. “ಏನಪ್ಪಾ ಪಾಶಾ, ನನ್ನ ತೋಪಿಗೆ ಬೀಗ ಹಾಕ್ಸಿದ್ಯಂತೆ?”

“ನಿನ್ನ ತೋಪಲ್ಲಮ್ಮಾ, ಸುಲ್ತಾನರದು.”

“ಸುಲ್ತಾನ್ರು ಬಂದು ಒರೆಸ್ತಾರಾ ಅದನ್ನ? ನಮ್ಮ ಮಾವ ಒರೆಸ್ದ, ನನ್ನ ಗಂಡ ಒರೆಸ್ದ, ಈಗ ನಾನು. ಇಷ್ಟು ವರ್ಷದಲ್ಲಿ ಒಂದಿನ ಹೊತ್ತು ತಪ್ಪಿಲ್ಲ.”

“ಮದ್ದು ಮಾಸ್ಕೋಫರ ಮೇಲೆ ಹಾರ್ಸೋಕೆ ಬೇಕು.”

“ಅಷ್ಟು ಮದ್ದಿಗೇ ಮಾಸ್ಕೋಫರು ಸಾಯೋದಾದ್ರೆ ನೀನ್ಯಾಕೆ ಬೇಕು? ನಾನೇ ಸಾಕು.”

ಬಾಗಿಲ ಹಿಂದೆ ನನ್ನ ಅಡುಗೆಯ ಸಾತಿಲ್ಮಿಷ್ ಕಿಸಕ್ಕೆಂದ. ಹನ್ನೆರಡು ವರ್ಷದಿಂದ ನನ್ನ ಅನ್ನ ಬೇಯಿಸುತ್ತಿದ್ದಾನೆ, ಸಲಿಗೆ ಹೆಚ್ಚಾಗಿದೆ. ನಾನು ಇಬ್ಬರನ್ನೂ ಸಾಗಹಾಕಿದೆ. ಹೋಗುವಾಗ ಮುಫ್ತಿ ನನ್ನ ತಟ್ಟೆಯನ್ನು ಇನ್ನೊಮ್ಮೆ ನೋಡಿದರು. ಕೋಳಿಗೆ ಉಪ್ಪು ಕಮ್ಮಿಯಾಗಿತ್ತು.

ರಂಜಾನ್ ೬

ಮೊನ್ನೆ ಗುಂಡು ಬಿದ್ದು ಮಸೀದಿಯ ಮಿನಾರು ಅರ್ಧಕ್ಕೆ ಮುರಿದಿದೆ. ಈಗ ಬಾಂಗೂ ಇಲ್ಲ, ತೋಪೂ ಇಲ್ಲ. ಸಾತಿಲ್ಮಿಷ್ ಬೆಳಿಗ್ಗೆ ಕಾಫಿಯ ಜೊತೆ ಊರ ಸುದ್ದಿ ತಂದ.

“ನಿನ್ನೆ ಕೆಳಗಿನ ಕೇರಿಯವರು ಮಾಸ್ಕೋಫರ ಫಿರಂಗಿ ಸದ್ದಿಗೇ ರೋಜಾ ಬಿಟ್ರಂತೆ, ಪಾಶಾ. ಬಿಸಿಲು ಇನ್ನೂ ಗೋಡೆ ಮೇಲಿತ್ತು. ಮೇಲಿನ ಕೇರಿಯವರು ‘ನೀವು ಜಾರನ ಜಮಾತಿನವರು’ ಅಂತ ಆಡ್ಕೊಳ್ತಿದ್ದಾರೆ. ಈಗ ಎರಡು ಕೇರಿಗೂ ಮಾತಿಲ್ಲ.”

“ನಿಂದ್ಯಾವ ಜಮಾತು?”

“ನಂದು ನಿಮ್ಮ ಅಡುಗೆಮನೆ ಜಮಾತು. ಮಧ್ಯಾಹ್ನ ನಿಮಗೆ ಬಡಿಸಿ, ಸಂಜೆ ತನಕ ವಾಸನೆ ಕುಡ್ಕೊಂಡಿರ್ತೀನಿ.”

ಅವನು ರೋಜಾ ಇರುವುದು ನನಗೆ ಗೊತ್ತಿರಲಿಲ್ಲ.

ರಾಗಿಪ್ ಕೂಡ ತೋಪಿನ ಮಾತೆತ್ತಿದ. ಬುರುಜಿನ ಮೇಲೆ ಸೈನಿಕರು ಸಂಜೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿನ್ನುತ್ತಾ ಗೊಂದಲವಾಗಿದೆಯಂತೆ. ಒಂದೇ ಸಲ ಎಂದರೆ ಕಾವಲು ಬದಲಿಸುವುದು ಸುಲಭ. ಇದು ಯುದ್ಧದ ಮಾತು, ಒಪ್ಪಿದೆ. ಆದರೆ ಬರಿಯ ಮದ್ದು ಸುಡುವುದು ನನ್ನಿಂದಾಗದು. ಒಳಗೆ ಗುಂಡೂ ಇರಲಿ, ಮೂತಿ ಮಾಸ್ಕೋಫರ ಕಡೆಗಿರಲಿ ಎಂದೆ. ಸಂಜೆ ದುದು ಅಜ್ಜಿ ತೊಳೆದ ಓಢಣಿ ಹೊದ್ದು ಬಂದು ಬತ್ತಿ ಮುಟ್ಟಿಸಿದಳು. ಗುಂಡು ಗುಡ್ಡ ಇಳಿದು ಅವರ ಅಡುಗೆಯ ಡೇರೆಗೆ ನುಗ್ಗಿತು. ಊರಿಗೆ ಊರೇ ಬಾಯಲ್ಲಿ ತುತ್ತಿಟ್ಟುಕೊಂಡು ನಕ್ಕಿತು. ಹುಡುಕಿದರೂ ಇಂಥ ಗುರಿ ಸಿಗುತ್ತಿರಲಿಲ್ಲ.

ರಂಜಾನ್ ೧೦

ಬಿಳಿ ಬಾವುಟ ಹಿಡಿದು ರಷ್ಯದ ಕಪ್ತಾನನೊಬ್ಬ ಬಂದ. ನಾವು ಕತ್ತಿ, ಬಾವುಟ ಎಲ್ಲ ಹಿಡಿದುಕೊಂಡು ಮರ್ಯಾದೆಯಿಂದ ಹೊರಟುಹೋಗಬಹುದಂತೆ. ಜೊತೆಗೆ ಸಕ್ಕರೆಯ ಪೆಟ್ಟಿಗೆ ತಂದಿದ್ದ. ಸಕ್ಕರೆ ಇಟ್ಟುಕೊಂಡು ಅವನನ್ನು ವಾಪಸು ಕಳಿಸಿದೆ. ಅವರ ಜನರಲ್‌ನಿಗೆ ಬೇಕಾದರೆ ಸಂಜೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರಲಿ, ತೋಪು ಹಾರಿಸಿ ಕರೆಯುತ್ತೇವೆ ಎಂದು ಹೇಳಿಕಳಿಸಿದೆ.

ಸಕ್ಕರೆ ಆಸ್ಪತ್ರೆಗೆ ಹೋಯಿತು. ಸಂಜೆ ಪೂರ್ವದ ಬುರುಜಿನಲ್ಲಿದ್ದೆ. ಊರಿನ ಹೆಂಗಸರು ಸಾರಿನ ಕೊಪ್ಪರಿಗೆ ಹೊತ್ತು ಏಣಿ ಹತ್ತಿ ಬರುತ್ತಾರೆ, ಗುಂಡು ಬಿದ್ದರೆ ಕೊಪ್ಪರಿಗೆಗೆ ಅಡ್ಡ ನಿಂತು ಮಾಸ್ಕೋಫರ ತಾಯಂದಿರನ್ನು ಬೈಯುತ್ತಾರೆ. ನಾನೂ ಅವರ ಕೊಪ್ಪರಿಗೆಯಿಂದಲೇ ಉಂಡೆ. ಮಧ್ಯಾಹ್ನ ಪುರಸೊತ್ತಾಗಿರಲಿಲ್ಲ, ಅದಕ್ಕೇ ಸಾರು ರುಚಿಯೆನಿಸಿತು.

ರಂಜಾನ್ ೧೬

ಪೂರ್ವದ ಬುರುಜು ಹೋಯಿತು.

ಇಡೀ ದಿನ ಮಂಜು. ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಸಂಜೆಗೆ ಇನ್ನೂ ಹೊತ್ತಿರುವಾಗ ಒಂದು ತೋಪು ಹಾರಿತು, ಒಂದೇ ಒಂದು. ಮಂಜಿನಲ್ಲಿ ಎಲ್ಲ ತೋಪಿನ ಸದ್ದೂ ಒಂದೇ. ಬುರುಜಿನವರು ಕೆಮ್ಮಜ್ಜನೆಂದೇ ತಿಳಿದು ಬಂದೂಕು ಗೋಡೆಗಾನಿಸಿ ಕೊಪ್ಪರಿಗೆಯ ಸುತ್ತ ಕೂತರು. ಹಾರಿಸಿದ್ದು ಮಾಸ್ಕೋಫರು. ಇಷ್ಟು ದಿನ ನಮ್ಮ ಊಟದ ಹೊತ್ತನ್ನು ದುರ್ಬೀನಿನಲ್ಲಿ ನೋಡಿ ಕಲಿತಿದ್ದಾರೆ. ನಮ್ಮವರು ಚಮಚ ಕೆಳಗಿಡುವಷ್ಟರಲ್ಲಿ ಗೋಡೆ ಹತ್ತಿದ್ದರು.

ಸಾತಿಲ್ಮಿಷ್ ಅಲ್ಲಿಗೆ ಅನ್ನದ ಪಾತ್ರೆ ಒಯ್ದಿದ್ದ. ಸೌಟಿನಿಂದಲೇ ಹೊಡೆದಾಡಿದನಂತೆ.

ರಂಜಾನ್ ೧೭

ಹಿಂದೆ ಸರಿದವರು ಹೊತ್ತು ತಂದ ಸಾತಿಲ್ಮಿಷ್‌ನನ್ನು ಮಣ್ಣು ಮಾಡಿದೆವು. ಸೌಟು ನನ್ನ ಕೋಣೆಯಲ್ಲಿದೆ. ಮಧ್ಯಾಹ್ನದ ಊಟ ಯಾರೂ ತರಲಿಲ್ಲ, ನಾನೂ ಕೇಳಲಿಲ್ಲ.

ರಂಜಾನ್ ೨೦

ಈಗ ಅವರಿಗೆ ರುಚಿ ಹತ್ತಿದೆ. ಮೂರು ಸಂಜೆಯೂ ಕಾದಿದ್ದು, ನಮ್ಮ ತೋಪು ಕೇಳಿದ ಮೇಲೆ ಕತ್ತಲಲ್ಲಿ ಪೂರ್ವದ ಬುರುಜಿನಿಂದ ನಡುಬಾಗಿಲಿಗೆ ನುಗ್ಗಿದರು. ಕತ್ತಲಲ್ಲಿ ನಮ್ಮ ಬಂದೂಕಿಗೆ ಕಣ್ಣಿಲ್ಲ. ಮೂರು ಸಲವೂ ಹೇಗೋ ತಳ್ಳಿದೆವು, ಪ್ರತಿ ಸಲವೂ ಜನ ಕಮ್ಮಿಯಾದರು. ನಡುಬಾಗಿಲು ಹೋದರೆ ಹಿಂದೆ ಉಳಿಯುವುದು ಊರು ಮಾತ್ರ, ಆ ಸಾರಿನ ಕೊಪ್ಪರಿಗೆಯ ಹೆಂಗಸರು ಮಾತ್ರ.

ಅವರು ಬೆಳಕಿರುವಾಗ ಬರಬೇಕು. ಅದಕ್ಕೆ ಒಂದೇ ದಾರಿ. ಮೋಡವಿರುವ ದಿನ ಸೂರ್ಯ ಮುಳುಗುವ ಮುಂಚೆಯೇ ಕೆಮ್ಮಜ್ಜನನ್ನು ಹಾರಿಸುವುದು. ನಡುಬಾಗಿಲ ಕಾವಲಿನವರು ಖಾಲಿ ಬಟ್ಟಲಿನ ಮುಂದೆ ಕೂತು ಊಟದ ನಟನೆ ಮಾಡಲಿ. ಊರಿಗೆ ಮಾತ್ರ ಹೇಳುವಂತಿಲ್ಲ. ಪೂರ್ವದ ಬುರುಜಿನಿಂದ ಅವರಿಗೆ ಊರಿನ ಅಂಗಳಗಳೆಲ್ಲ ಕಾಣುತ್ತವೆ, ಊರು ನಿಜವಾಗಿ ಉಣ್ಣದಿದ್ದರೆ ಅವರು ನಂಬುವುದಿಲ್ಲ.

ಮುಫ್ತಿಯನ್ನು ಕರೆಸಿ ಹೇಳಿದೆ. ಅವರು ಗಡ್ಡ ನೀವಿಕೊಂಡರು.

“ತಿಳೀದೆ ಮುಂಚೆ ತಿಂದವರಿಗೆ ಪಾಪ ಇಲ್ಲ. ಆದ್ರೆ ಆ ದಿನದ ರೋಜಾ ಹೋಯ್ತು, ಬದಲಿಗೆ ಇನ್ನೊಂದು ದಿನ ಹಿಡೀಬೇಕು. ತಿಳಿದೂ ಊರನ್ನ ದಾರಿ ತಪ್ಪಿಸಿದವನಿಗೆ ಏನಾಗುತ್ತೆ ಅಂತ ನನ್ನ ಕೇಳ್ಬೇಡಿ, ಪಾಶಾ.”

“ಕೇಳಲ್ಲ. ಅದು ನನ್ನ ತಲೆ ಮೇಲಿರ್ಲಿ.”

“ನಿಮ್ಮ ತಲೆ ಮೇಲೆ ಆಗ್ಲೇ ಬೇಕಾದಷ್ಟಿದೆ. ಟೋಪಿಗೂ ಜಾಗ ಇಲ್ಲ.” ಆದರೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರು.

ದುದು ಅಜ್ಜಿಯ ಹತ್ತಿರ ನಾನೇ ಹೋದೆ. ಕೇಳಿ ಮುಖ ಕಪ್ಪಿಟ್ಟಿತು. “ಮಾಸ್ಕೋಫನ ಎದೆಗೆ ಹಚ್ಚು ಅನ್ನು, ಹಚ್ತೀನಿ. ಹೊತ್ತಿಗೆ ಮುಂಚೆ ಮಾತ್ರ ಹಚ್ಚಲ್ಲ. ನೀನು ನನ್ನ ಗಲ್ಲಿಗೆ ಹಾಕು.”

“ನಿನ್ನ ಕೈಲಿ ಹಚ್ಚಿಸಲ್ಲಮ್ಮಾ. ಬತ್ತಿ ಎಲ್ಲಿಡ್ತೀಯ ಅಷ್ಟು ಹೇಳು.”

ಗೂಡಿನ ಕಡೆ ಕೈ ತೋರಿಸಿ ಬೆನ್ನು ತಿರುಗಿಸಿ ಕೂತಳು.

ರಂಜಾನ್ ೨೩

ಬೆಳಿಗ್ಗೆಯಿಂದ ದಟ್ಟ ಮೋಡ. ಬತ್ತಿ ನಾನೇ ಮುಟ್ಟಿಸಿದೆ.

ಗೋಪುರದಿಂದ ಊರು ಪೂರ್ತಿ ಕಾಣುತ್ತಿತ್ತು. ಸದ್ದಾಗುತ್ತಲೇ ಅಂಗಳಗಳಲ್ಲಿ ಜನ ಆಲಿವ್ ಬಾಯಿಗಿಟ್ಟುಕೊಂಡರು. ಬಾವಿಕಟ್ಟೆಯ ಹತ್ತಿರ ಒಬ್ಬ ಮುದುಕ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಗಟಗಟನೆ ನೀರು ಕುಡಿದ. ನಾನು ಮುಖ ಆಚೆ ತಿರುಗಿಸಿದೆ. ಎಷ್ಟೋ ಊರು ಸುಟ್ಟ ದಂಡುಗಳಲ್ಲಿ ಇದ್ದವನು ನಾನು, ಹೀಗೆ ಎಂದೂ ಮುಖ ತಿರುಗಿಸಿರಲಿಲ್ಲ. ಬಿಸಿಲಿರದ ಚಳಿಗಾಳಿಗೂ ಇರಬಹುದು.

ಮಾಸ್ಕೋಫರು ಬಂದರು. ಹಾಡುಹಗಲಿನಲ್ಲಿ, ಸಾಲುಸಾಲಾಗಿ, ಊಟದ ಮಧ್ಯೆ ನಮ್ಮನ್ನು ಹಿಡಿಯುವ ಖುಷಿಯಲ್ಲಿ ಬಂದರು. ರಾಗಿಪ್ ಅವರನ್ನು ಗೋಡೆಯ ಬುಡದವರೆಗೆ ಬಿಟ್ಟುಕೊಂಡ. ಶಾಲೆಯವನಾದರೂ ಅವನ ಎದೆ ಗಟ್ಟಿ. ಒಂದೇ ಸಲ ನಮ್ಮ ಬಂದೂಕುಗಳೆಲ್ಲ ಬಾಯಿಬಿಟ್ಟವು. ಬೆಳಕು ಹೋಗುವಷ್ಟರಲ್ಲಿ ನಮ್ಮವರು ಅವರನ್ನು ಅಟ್ಟಿಸಿಕೊಂಡು ಹೋಗಿ ಪೂರ್ವದ ಬುರುಜನ್ನೂ ಕಿತ್ತುಕೊಂಡರು. ಸಾತಿಲ್ಮಿಷ್‌ನ ಅನ್ನದ ಪಾತ್ರೆ ಅಲ್ಲೇ ಬಿದ್ದಿತ್ತು.

ಆಗ ಸೂರ್ಯ ನಿಜವಾಗಿ ಮುಳುಗಿದ, ಕೆಮ್ಮಜ್ಜ ಇನ್ನೊಮ್ಮೆ ಕೆಮ್ಮಿದ. ನಾನು ಹೇಳಿರಲಿಲ್ಲ. ಮುದುಕಿ ತನ್ನ ಹೊತ್ತಿಗೆ ತಾನು ಹಚ್ಚಿದ್ದಳು. ಊರಿಗೆ ಊರೇ ಉಂಡ ಕೈ ಹಾಗೇ ಹಿಡಿದುಕೊಂಡು ಗೋಪುರದ ಕಡೆ ನೋಡಿತು.

ರಂಜಾನ್ ೨೪

ಮಸೀದಿಯ ಅಂಗಳಕ್ಕೆ ಕರೆದರು, ಹೋದೆ. ಕಾವಲಿನವರು ಬೇಡವೆಂದೆ. ಕೊಪ್ಪರಿಗೆ ಹೊರುವ ಹೆಂಗಸೊಬ್ಬಳೇ ಮೊದಲು ಬಾಯಿ ತೆಗೆದಳು.

“ಇಷ್ಟು ದಿನ ಹಸ್ಕೊಂಡು ಒಂದೂ ತಪ್ಪಿಸದೆ ಹಿಡ್ದಿದ್ದೆ, ಪಾಶಾ. ಹಾಳು ಮಾಡಿಬಿಟ್ರಲ್ಲ. ನಿಮ್ಮ ಬಾಯಿಂದ ಒಂದು ಸುಳ್ಳು ಬಂದಿದ್ರೆ ಹೋಗ್ಲಿ ಅನ್ಬಹುದಿತ್ತು, ತೋಪಿನ ಬಾಯಲ್ಲಿ ಸುಳ್ಳಾಡಿಸಿದ್ರಿ.”

ಕುದುರೆ ಹತ್ತುವ ಕಲ್ಲಿನ ಮೇಲೆ ನಿಂತು ಹೇಳಿದೆ: “ಹೌದು, ಆಡಿಸಿದೆ. ನಾಳೆ ಬೇಕಾದ್ರೆ ನಾಳೆನೂ ಆಡಿಸ್ತೀನಿ. ನಿಮ್ಮ ಬಾಗಿಲಿಗೆ ಕೊಸಾಕ್ ತನ್ನ ಕುದುರೆ ಕಟ್ಟೋದಕ್ಕಿಂತ ನಿಮ್ಮ ಬೈಗುಳ ವಾಸಿ. ಇನ್ನೂ ಇದ್ರೆ ಬೈರಿ, ನಿಂತಿದ್ದೀನಿ.”

ಮುಫ್ತಿ ಎದ್ದು, ಹಬ್ಬದ ದಿನ ರೋಜಾ ಸಲ್ಲದು, ಮುಂದಿನ ತಿಂಗಳು ಶವ್ವಾಲ್ ಮೂರಕ್ಕೆ ಊರಿಗೆಲ್ಲ ಬದಲಿ ರೋಜಾ ಎಂದು ಸಾರಿದರು. ನಾನೂ ಅಂದು ಹಿಡಿಯುತ್ತೇನೆ ಎಂದೆ.

“ನೀವು ನಿನ್ನೆ ಮುಂಚೆ ತಿಂದ್ರಾ?” ಎಂದು ಮುಫ್ತಿ ಕೇಳಿದರು.

“ಇಲ್ಲ. ಎರಡನೇ ತೋಪಿಗೇ ತಿಂದೆ.”

“ಹಾಗಾದ್ರೆ ನಿಮ್ಮದು ಮುರಿದಿಲ್ಲ. ನೀವು ಹಿಡಿಯೋ ಅಗತ್ಯ ಇಲ್ಲ.”

“ಊರಿಂದು ಮುರಿದದ್ದು ನನ್ನ ಕೈಯಿಂದ. ಅಗತ್ಯದ ಮಾತು ನೀವು ಇಟ್ಕೊಳ್ಳಿ, ಹೋಜಾ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾನೇನು ಹೊಸದು ಹೇಳಿದೆನೋ ತಿಳಿಯಲಿಲ್ಲ.

ಶವ್ವಾಲ್ ೧

ಹಬ್ಬ. ಮಾಸ್ಕೋಫರು ನಿನ್ನೆ ಡೇರೆ ಕಿತ್ತರು. ಕಾರಣ ಇವತ್ತು ಕಂಡಿತು: ಶುಮ್ನುವಿನಿಂದ ನಮ್ಮ ದೊಡ್ಡ ದಂಡು ಬಂತು, ಮುಂದೆ ಬಿಳಿ ಕುದುರೆಯ ಮೇಲೆ ನೆಷೆತ್. ಭುಜದ ಮೇಲೆ ಮುಶೀರ್ ಪಟ್ಟಿ ಹೊಸದಾಗಿ ಹೊಳೆಯುತ್ತಿತ್ತು.

ಅಪ್ಪಣೆ ಓದಿದ. ತಂತಿಯ ಆಜ್ಞೆ ಮೀರಿದ್ದಕ್ಕೆ ಝಿವೇರ್ ಪಾಶಾನ ಪದವಿ ಕಿತ್ತು ಇಸ್ತಾಂಬುಲ್‌ಗೆ ವಿಚಾರಣೆಗೆ ಕಳಿಸುವುದು. ಕೋಟೆ ಇನ್ನು ನೆಷೆತ್‌ನ ಕೈಯಲ್ಲಿ. ಬಿಟ್ಟುಬಿಡಿ ಎಂದ ಕೋಟೆಯನ್ನೇ ಈಗ ಕಾಪಾಡಿದವನು ಅವನೆಂದು ಪತ್ರಿಕೆಗಳಿಗೆ ಹೋಗಲಿದೆ.

“ಒಂದು ತಂತಿಗೆ ಹೂಂ ಅಂದಿದ್ರೆ ಈ ಪಟ್ಟಿ ನಿಮ್ಮ ಭುಜದ ಮೇಲಿರ್ತಿತ್ತು,” ಎಂದ.

“ನಿಮಗೇ ಚೆನ್ನಾಗಿ ಒಪ್ಪುತ್ತೆ. ಒಳಗೆ ಬರುವಾಗ ಬೂಟು ಒರೆಸ್ಕೊಳ್ಳಿ, ಇಲ್ಲಿನ ಹೆಂಗಸರು ಬೈತಾರೆ.”

ಕತ್ತಿ ಬಿಚ್ಚಿ ಅವನ ಕೈಗೆ ಕೊಡಲಿಲ್ಲ, ರಾಗಿಪ್‌ನ ಕೈಗೆ ಕೊಟ್ಟೆ. ರಾಗಿಪ್ ಅತ್ತ, ನೆಷೆತ್ ಎದುರಿನಲ್ಲೇ ಅತ್ತ. ಒಳ್ಳೆಯ ಹುಡುಗ. ಆಮೇಲೆ ನೆಷೆತ್ ಮದ್ದಿನ ಕೋಣೆ ನೋಡಿ ಬಂದು, ಮದ್ದು ದಂಡ ಮಾಡಬಾರದು, ಹಬ್ಬಕ್ಕೂ ತೋಪು ಬೇಡ, ಗೋಪುರದ ತೋಪಿಗೆ ಬೀಗ ಹಾಕಿ ಎಂದ. ಇಂಥ ಅಪ್ಪಣೆ ಯಾವ ಮೂರ್ಖನ ತಲೆಗೆ ಹೊಳೆಯುತ್ತದೋ ನನಗೆ ಅರ್ಥವಾಗುವುದಿಲ್ಲ. ಊರಿನಲ್ಲಿ ಮಿನಾರಿಲ್ಲ, ಜನ ಹೊತ್ತು ತಿಳಿಯುವುದು ಹೇಗೆ.

ಶವ್ವಾಲ್ ೩, ಶುಮ್ನು ದಾರಿಯಲ್ಲಿ

ಹೊರಟಾಗ ಮಧ್ಯಾಹ್ನವಾಗಿತ್ತು. ಕಾವಲಿಗೆ ಒಬ್ಬ ಕಪ್ತಾನ, ನಾಲ್ವರು ಸವಾರರು, ನನಗೊಂದು ಎತ್ತಿನ ಗಾಡಿ. ಸಾಮಾನೆಂದರೆ ಒಂದು ಸೌಟು, ಈ ಪುಸ್ತಕ, ಉಟ್ಟ ಬಟ್ಟೆ. ಬೀದಿಯ ಎರಡೂ ಕಡೆ ಊರಿನವರು ನಿಂತಿದ್ದರು. ಎಲ್ಲರೂ ರೋಜಾದಲ್ಲಿದ್ದರು, ತುಟಿ ಒಣಗಿತ್ತು.

ಬಾಗಿಲ ಹತ್ತಿರ ದುದು ಅಜ್ಜಿ ಗಾಡಿಗೆ ಅಡ್ಡ ನಿಂತು, ಬಟ್ಟೆಯ ಗಂಟೊಂದನ್ನು ನನ್ನ ತೊಡೆಯ ಮೇಲೆ ಹಾಕಿದಳು. ಒಳಗೆ ಆಲಿವ್ ಇದ್ದವು.

“ತೋಪು ಕೇಳ್ದೆ ತಿನ್ಬೇಡ, ಮಗಾ.”

“ದಾರೀಲಿ ಎಲ್ಲಿಯ ತೋಪಮ್ಮಾ?”

“ಕಿವಿ ಇಲ್ವಾ ನಿಂಗೆ?” ಎಂದು ಹೊರಟೇಹೋದಳು.

ಮಳೆಗೆ ದಾರಿ ಕೆಸರಾಗಿ ಗಾಡಿ ತೆವಳುತ್ತಿತ್ತು. ನಡುವೆ ಕಪ್ತಾನ ರೊಟ್ಟಿ ಮುರಿದು ನನ್ನ ಮುಂದೆ ಹಿಡಿದ. “ತಗೊಳ್ಳಿ ಪಾಶಾ. ಪ್ರಯಾಣದಲ್ಲಿರೋರಿಗೆ ರೋಜಾ ಕಡ್ಡಾಯ ಅಲ್ಲ.”

“ಗೊತ್ತಪ್ಪ. ಮೂವತ್ತು ವರ್ಷ ಅದನ್ನೇ ಹೇಳ್ಕೊಂಡು ತಿಂದಿದ್ದೀನಿ.”

ಅವನೂ ರೊಟ್ಟಿಯನ್ನು ಚೀಲಕ್ಕೆ ಹಾಕಿಕೊಂಡ. ಆಮೇಲೆ ಇಸ್ತಾಂಬುಲ್‌ನಲ್ಲಿ ಏನು ಹೇಳುತ್ತೀರೆಂದು ಹೆದರಿ ಹೆದರಿ ಕೇಳಿದ. ತಂತಿಯಲ್ಲಿ ಹೇಳಿದ್ದನ್ನೇ ಹೇಳುತ್ತೇನೆ, ಈ ಸಲ ಸಲಾಮು ಸೇರಿಸುವುದಿಲ್ಲ ಎಂದೆ.

ಒಂದು ಬಾವಿಯ ಹತ್ತಿರ ಗಾಡಿ ನಿಲ್ಲಿಸಿದರು. ಪಶ್ಚಿಮವೆಲ್ಲ ಮೋಡ. ನಾನು ಗಂಟು ಬಿಚ್ಚಿ ಆಲಿವ್ ಅಂಗೈಯಲ್ಲಿಟ್ಟುಕೊಂಡು ಕೂತೆ.

“ಮುಳುಗಿದ ಅನ್ಸುತ್ತೆ, ಪಾಶಾ.”

“ಅನ್ಸಿದ್ರೆ ಸಾಲದು.”

“ಇಲ್ಲಿ ಯಾರು ಬಂದು ಹೇಳ್ತಾರೆ?”

ನಾನು ಕೋಟೆಯ ಕಡೆಗೇ ಕಿವಿಯಿಟ್ಟಿದ್ದೆ. ಮುದುಕಿಯ ಮಾತನ್ನು ನಂಬಿ ಹೀಗೆ ಕೂತಿರುವುದನ್ನು ನೆಷೆತ್ ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಗೋಪುರದ ತೋಪಿಗೆ ಅವನು ಬೀಗ ಹಾಕಿಸಿದ್ದಾನೆ, ಬೀಗದ ಮುಂದೆ ರಾಗಿಪ್‌ನ ಜನರನ್ನು ಕಾವಲಿಟ್ಟಿದ್ದಾನೆ. ಆದರೂ ಕೂತೆ.

ಆಗ ಗುಡ್ಡದ ಆಚೆಯಿಂದ ಯಾರೋ ಕೆಮ್ಮಿದ ಸದ್ದು ಬಂತು. ಕಪ್ತಾನ ಥಟ್ಟನೆ ಎದ್ದು ಪಿಸ್ತೂಲಿಗೆ ಕೈ ಹಾಕಿದ.

“ಮಾಸ್ಕೋಫರ ಫಿರಂಗಿನಾ?”

“ಅಲ್ಲ, ನಮ್ಮಜ್ಜ. ತಗೋ, ತಿನ್ನು.”

ಅವನಿಗೊಂದು ಆಲಿವ್ ಕೊಟ್ಟು ನಾನೊಂದು ಬಾಯಿಗೆ ಹಾಕಿಕೊಂಡೆ. ಮದ್ದಿನ ಚೀಲ ಹೊತ್ತು ದಂಡು ಸೇರಿದವನು ನಾನು, ತೋಪಿನ ಸದ್ದು ನನಗೆ ತಿಳಿಯುತ್ತದೆ. ಅದು ಬರಿಯ ಮದ್ದಿನ ಸದ್ದಲ್ಲ. ಮುದುಕಿ ಒಳಗೆ ಗುಂಡನ್ನೂ ತುಂಬಿದ್ದಾಳೆ.